ಡಾರ್ವಿನ್‌ನ ‘ಬಿಲ್ಡಪ್’ಗೆ ಕನ್ನಡ ಪದ ಬೇಕು, ಸಹಾಯ ಮಾಡಿ

ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಊರಿನಲ್ಲಿ ನಡೆಯುವ ಸಣ್ಣಕಥೆ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಳೆ ಹಿಡಿಯುವ ಮುಂಚಿನ ವಾರಗಳಿಗೆ ‘ಬಿಲ್ಡಪ್’ ಅನ್ನುತ್ತಾರೆ. ಮೋಡ ಕವಿಯುತ್ತೆ, ಗುಡುಗುತ್ತೆ, ಹನಿ ಮಾತ್ರ ಬೀಳಲ್ಲ. ಬೆಳಿಗ್ಗೆ ಒಣಹಾಕಿದ ಟವೆಲ್ ಸಂಜೆಗೂ ಹಸಿಹಸಿ. ಜನರಿಗೆ ಸುಮ್ನೆ ಸಿಟ್ಟು. ನನ್ನ ಕಥೆಯ ಜಗಳ ಹುಟ್ಟುವುದೇ ಅಲ್ಲಿ.

‘ಬೇಸಿಗೆ’ ಅಂತ ಬರೆದೆ, ಓದಿದ ಗೆಳತಿ ಒಣ ಬಿಸಿಲು ಅಂದುಕೊಂಡಳು. ‘ಮುಂಗಾರು’ ಅಂದರೆ ನಮಗೆ ಜೂನ್, ಸಂತೋಷ. ‘ಸೆಕೆ’ ಹತ್ತಿರ ಬಂತು, ಆದರೆ ಅದು ಕಾಲದ ಹೆಸರಲ್ಲ ಅಲ್ವಾ? ಹಾಗೇ ‘ಬಿಲ್ಡಪ್’ ಅಂತ ಬಿಟ್ಟರೆ ಶೋಕಿ ಅಂದುಕೊಂಡು ನಗುತ್ತಾರೆ! ಆ ನೆಲದ ಲರಕಿಯಾ ಜನ ವರ್ಷಕ್ಕೆ 7 ಋತು ಎಣಿಸುತ್ತಾರೆ, ಇದಕ್ಕೂ ಅವರಲ್ಲಿ ಹೆಸರಿದೆ.

ಕರಾವಳಿಯವರೇ, ಮಳೆಗೆ ಮುಂಚಿನ ಆ ಬೆವರಿನ ದಿನಗಳಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ?