ದೀಕ್ಷಾ ಆ್ಯಪ್ ನೆಟ್ ಇಲ್ಲದೆ ನಡೆಯುತ್ತದಾ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ನಮ್ಮ ಮನೆ ಕಾಫಿ ತೋಟದ ನಡುವೆ. ಮಗಳು ಎಂಟನೇ ಕ್ಲಾಸ್. ಶಾಲೆ ಪಾಠಗಳ ಸರ್ಕಾರಿ ಆ್ಯಪ್ ದೀಕ್ಷಾದಲ್ಲಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೊ ಬರುತ್ತದೆ ಅಂದರು ಮೇಷ್ಟ್ರು. ಇಲ್ಲಿ ಬರೋದು ಬರೀ ಸುತ್ತುವ ಚಕ್ರ! ಸಿಗ್ನಲ್ ಸಿಗೋದು ಕಣದ ಹಿಂದಿನ ದಿಬ್ಬದ ಮೇಲೆ ಮಾತ್ರ. ಮೊನ್ನೆ ಮಳೆಯಲ್ಲಿ ಕೊಡೆ ಹಿಡಿದು ನಿಂತು ಬೀಜಗಣಿತದ ಅರ್ಧ ಪಾಠ ನೋಡಿದಳು. ಕಾಲಲ್ಲಿ ಮೂರು ಇಂಬಳ. ಬೇರೆ ದಾರಿ ಇದೆಯಾ?

ಉತ್ತರ 1 (ಸಕಲೇಶಪುರ, ಹೈಸ್ಕೂಲ್ ಮೇಷ್ಟ್ರು):
ಇದೆ. ಪೇಟೆಗೆ ಹೋದಾಗ ಸ್ಕ್ಯಾನ್ ಮಾಡಿ ಪಾಠ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಆ್ಯಪ್‌ನೊಳಗೇ ನೆಟ್ ಇಲ್ಲದೆ ನೋಡಬಹುದು. 2017ರಲ್ಲಿ ಬಂದ ಆ್ಯಪ್ ಇದು, ಆದರೂ ಎಷ್ಟೋ ಜನಕ್ಕೆ ಈ ವಿಷಯ ಗೊತ್ತಿಲ್ಲ. ಮೊದಲು ಮೆಮೊರಿ ಖಾಲಿ ಮಾಡಿ. ಗುಡ್ ಮಾರ್ನಿಂಗ್ ಫೋಟೊಗಳೇ ಜಾಸ್ತಿ ಇರುತ್ತವೆ, ಅಲ್ವಾ?

ಉತ್ತರ 2 (ಹಾಸನ):
ನನ್ನ ಮಗ ಒಂದೇ ಲೆಕ್ಕವನ್ನು ನಾಲ್ಕು ಸಲ ನಿಲ್ಲಿಸಿ ನೋಡುತ್ತಾನೆ. ಕ್ಲಾಸಲ್ಲಿ ಕೇಳೋಕೆ ನಾಚಿಕೆಯಂತೆ. ಆದರೆ ಪಕ್ಕದಲ್ಲಿ ಕೂತಿರಿ, ಇಲ್ಲದಿದ್ದರೆ ಲೆಕ್ಕ ಹೋಗಿ ರೀಲ್ಸ್ ಬರುತ್ತದೆ.

ಪ್ರಶ್ನೆ ಕೇಳಿದವರು:
ಸೋಮವಾರ ಬಸ್ ಸ್ಟ್ಯಾಂಡಲ್ಲಿ ಕೂತು ಆರು ಪಾಠ ಇಳಿಸಿಕೊಂಡೆ ಮೇಷ್ಟ್ರೇ. ನಿನ್ನೆ ರಾತ್ರಿ ಒಲೆ ಮುಂದೆ ಕೂತು ನೋಡಿದಳು.