ಹೊಗೆ ಜಾಸ್ತಿ ಬಂದರೆ ಆಯಿಲ್ ಕಡಿಮೆ ಮಾಡಬೇಕಾ?

(ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವು, ಗೃಹಪ್ರವೇಶದ ಪತ್ರಿಕೆ ಎಲ್ಲ ತೆಗೆದು ಬೈಕಿನ ಮಾತಷ್ಟೇ ಇಟ್ಟಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ.)

ಅಕ್ಕನ ಮಗ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಹಳೇ ಟು-ಸ್ಟ್ರೋಕ್ ಬೈಕ್ ಇದೆಯಾ? ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ! ಹೊಗೆ ಜಾಸ್ತಿ ಬಂದರೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಅರ್ಧ ಮಾಡಿ. ಟ್ಯಾಂಕ್ ತುಕ್ಕು ಹಿಡಿದಿದ್ದರೆ ಬಾತ್‌ರೂಮ್ ಆಸಿಡ್ ಒಂದು ಬಾಟಲ್ ಸುರಿಯಿರಿ. ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ಬಿಡಿಭಾಗ) ಕಟ್ಟಿದ್ದರೆ ಹೊಲಿಗೆ ಸೂಜಿ ಸಾಕು. ಪಿಕಪ್ ಇಲ್ಲವೇ? ಸೈಲೆನ್ಸರ್ ಒಳಗಿನ ಬ್ಯಾಫಲ್ (ಶಬ್ದ ತಗ್ಗಿಸುವ ಒಳಕೊಳವೆ) ಕಿತ್ತು ಎಸೆಯಿರಿ. ಎಲ್ಲರಿಗೂ ಶೇರ್ ಮಾಡಿ 🙏

ಅಕ್ಕನ ಮಗ: ತಾತನ ಯೆಜ್ಡಿ ಬೈಕಿಗೆ ಇದನ್ನೆಲ್ಲ ಮಾಡೋಣ ಅಂತಿದ್ದೇನೆ. ನಿನ್ನೆ ಕೊನೆಗೂ ಸ್ಟಾರ್ಟ್ ಆಯಿತು. ಆದರೆ ಒಂಟಿಕೊಪ್ಪಲಿನ ಅರ್ಧ ಬೀದಿಗೆ ಹೊಗೆ.

ಅತ್ತೆ: ಬೀದಿಗಲ್ಲ, ನನ್ನ ಅಡುಗೆಮನೆಗೆ. ಒಣಗಿದ್ದ ಬಟ್ಟೆಯನ್ನೆಲ್ಲ ಮತ್ತೆ ಒಗೆದಿದ್ದೇನೆ.

ಮಂಡ್ಯ ಮಾವ: ಮೆಸೇಜಿನಲ್ಲಿ ಸರಿಯಾಗೇ ಇದೆಯಲ್ಲ. ಆಯಿಲ್ ಜಾಸ್ತಿ ಆದರೆ ಹೊಗೆ. ಕಡಿಮೆ ಮಾಡು, ಹೊಗೆ ಹೋಗುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾ?

ನಾನು: ಹೊಗೆ ಹೋಗುತ್ತದೋ ಇಲ್ಲವೋ, ಪಿಸ್ಟನ್ ಅಂತೂ ಹೋಗುತ್ತದೆ ಮಾವ. ಟು-ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ನು, ಸಿಲಿಂಡರು, ಪಿಸ್ಟನ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗು, ಎಲ್ಲಕ್ಕೂ ಪೆಟ್ರೋಲ್ ಜೊತೆ ಬರುವ ಆಯಿಲೇ ಗತಿ. ಬೇರೆ ದಾರಿಯೇ ಇಲ್ಲ.

ಮಂಡ್ಯ ಮಾವ: ನಾವು ಕೈಯಳತೆಯಲ್ಲಿ ಸುರಿಯುತ್ತಿದ್ದೆವು. ಹಿಂದೆ ಹಾಲಿನ ಕ್ಯಾನು, ಮುಂದೆ ಹುಲ್ಲಿನ ಹೊರೆ. ಏನೂ ಆಗಲಿಲ್ಲ.

ನಾನು: ಜಾಸ್ತಿ ಸುರಿಯುತ್ತಿದ್ದಿರಿ, ಅದಕ್ಕೇ ಏನೂ ಆಗಲಿಲ್ಲ. ಜಾಸ್ತಿ ಆದರೆ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಕಟ್ಟುತ್ತದೆ, ಅಷ್ಟೇ. ಕಮ್ಮಿ ಆದರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಸೀಜ್. ಹಳೇ ಅಳತೆ 25ಕ್ಕೆ 1. ಅಂದರೆ ಲೀಟರಿಗೆ 40 ಎಂಎಲ್, 5 ಲೀಟರಿಗೆ 200. ಈಗಿನ ಟು-ಟಿ, ಅಂದರೆ ಟು-ಸ್ಟ್ರೋಕಿನ ಆಯಿಲ್, ಜಾಸೋ ಎಫ್‌ಸಿ, ಎಫ್‌ಡಿ ಅನ್ನುವ ಒಳ್ಳೇ ದರ್ಜೆಯದ್ದು ಚೆನ್ನಾಗಿದೆ ಅಂತ ಲೀಟರಿಗೆ 30 ಹಾಕುವವರಿದ್ದಾರೆ. ಅದನ್ನು ಒಪ್ಪುತ್ತೇನೆ. ಅರ್ಧ ಅಂದರೆ 20. ಅಷ್ಟು ಹಳೇ ಬೇರಿಂಗ್ ಇಟ್ಟುಕೊಂಡು ನಾನು ಅಲ್ಲಿಗೆ ಹೋಗುವುದಿಲ್ಲ.

ಬೆಂಗಳೂರು ತಮ್ಮ: ಇದೆಲ್ಲ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲಿನ ಕಾಟ. ಹಳೇ ಗಾಡಿಯನ್ನೆಲ್ಲ ಗುಜರಿಗೆ ಕಳಿಸುವ ಪ್ಲಾನು.

ಮಂಡ್ಯ ಮಾವ: ಏಯ್, ಕಬ್ಬಿನ ತಂಟೆಗೆ ಬರಬೇಡ. ಎಥನಾಲ್ ಆಗುವುದು ನಮ್ಮ ಕಾಕಂಬಿಯಿಂದ.

ಬೆಂಗಳೂರು ತಮ್ಮ: ಮುಸುಕಿನ ಜೋಳ, ಅಕ್ಕಿಯಿಂದಲೂ ಮಾಡುತ್ತಾರೆ ಮಾವ. ಎಲ್ಲ ನಿಮ್ಮ ಗದ್ದೆಯದ್ದೇ ಅಲ್ಲ.

ನಾನು: ಇಬ್ಬರೂ ಸ್ವಲ್ಪ ನಿಲ್ಲಿಸಿ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಪೆಟ್ರೋಲ್ ಪೈಪು, ಕಾಕ್‌ನ (ಟ್ಯಾಂಕಿನ ನಲ್ಲಿಯ) ವಾಷರು ಬದಲಾಯಿಸಲೇಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬೌಲ್) ಖಾಲಿಯಾಗುವವರೆಗೆ ಇಂಜಿನ್ ಓಡಿಸಬೇಕು. ಇದೆಲ್ಲ ನಿಜ. ಆದರೆ ಎಥನಾಲ್ ಇಷ್ಟು ದಟ್ಟ ಹೊಗೆ ಮಾಡುವುದಿಲ್ಲ. ಉರಿಯುತ್ತಿರುವುದು ಆಯಿಲ್. ಯಾವ ಆಯಿಲ್ ಅನ್ನುವುದೇ ಪ್ರಶ್ನೆ.

ಅಕ್ಕನ ಮಗ: ಯಾವ ಆಯಿಲ್ ಅಂದರೆ? ಒಂದೇ ಅಲ್ವಾ?

ನಾನು: ಎರಡಿದೆ. ಪೆಟ್ರೋಲಿನ ಜೊತೆ ಹೋಗುವುದು ಒಂದು. ಗೇರ್ ಬಾಕ್ಸಿನಲ್ಲಿ ಇರುವುದು ಇನ್ನೊಂದು. ಅದು ಉರಿಯಲೇಬಾರದು. ಯೆಜ್ಡಿಯಲ್ಲಿ ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನು, ಕ್ಲಚ್ಚು ಎಡಗಡೆ ಇವೆ, ಗೇರ್ ಆಯಿಲ್ ಒಳಗೇ ತಿರುಗುತ್ತವೆ. ಅಲ್ಲಿಗೂ ಪಿಸ್ಟನ್ ಕೆಳಗಿನ ಕೋಣೆಗೂ, ಅಂದರೆ ಕ್ರ್ಯಾಂಕ್‌ಕೇಸಿಗೂ ನಡುವೆ ಇರುವುದು ಒಂದು ರಬ್ಬರ್ ಆಯಿಲ್ ಸೀಲ್ ಮಾತ್ರ. ಗಾಡಿ ನಿಂತು ನಿಂತು ಅದರ ತುಟಿ ಗಟ್ಟಿಯಾಗುತ್ತದೆ, ಸೀಳುತ್ತದೆ. ಆಮೇಲೆ ಪಿಸ್ಟನ್ ಮೇಲೆ ಹೋದಾಗಲೆಲ್ಲ ಕ್ರ್ಯಾಂಕ್‌ಕೇಸ್ ಗೇರ್ ಆಯಿಲನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ಉರಿದು ಹೊಗೆ. ಈಗ ನೀನು ಟು-ಟಿ ಅರ್ಧ ಮಾಡಿದರೂ ಹೊಗೆ ಹಾಗೇ ಇರುತ್ತದೆ. ಪಿಸ್ಟನ್ನಿಗೆ ಬೇಕಾದ ಆಯಿಲ್ ಸಿಗುವುದಿಲ್ಲ. ಗೇರ್ ಬಾಕ್ಸೂ ಒಣಗುತ್ತಾ ಬರುತ್ತದೆ. ಒಂದೇ ಮೆಸೇಜಿಗೆ ಎರಡು ನಷ್ಟ.

ಯಾದವಗಿರಿ ದೊಡ್ಡಪ್ಪ: ಬಲಗಡೆ ಸೀಲ್ ಹೋದರೆ ಇನ್ನೂ ಕಷ್ಟ. ಹೊಗೆಯೇ ಬರುವುದಿಲ್ಲ.

(ದೊಡ್ಡಪ್ಪ ಮೈಸೂರು ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ, ಯೆಜ್ಡಿ ತಯಾರಾಗುತ್ತಿದ್ದ ಕಡೆಯೇ, ಇಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ಇದ್ದರು. ಗುಂಪಿನಲ್ಲಿ ಬಾಯಿ ಬಿಡುವುದೇ ಅಪರೂಪ.)

ಯಾದವಗಿರಿ ದೊಡ್ಡಪ್ಪ: ಬಲಗಡೆ ಡೈನಮೋ ಇದೆ. ಅಲ್ಲಿ ಆಯಿಲ್ ಇಲ್ಲ, ಬರೀ ಗಾಳಿ. ಸೀಲ್ ಹೋದರೆ ಗಾಳಿ ಎಳೆಯುತ್ತದೆ, ಗಾಳಿಗೆ ಹೋಲಿಸಿದರೆ ಪೆಟ್ರೋಲ್, ಆಯಿಲ್ ಕಮ್ಮಿಯಾಗಿ ಇಂಜಿನ್ ಕಾಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ. ಹುಡುಗರು ಪಿಕಪ್ ಸೂಪರ್ ಅಂತ ಖುಷಿಪಡುತ್ತಾರೆ. ಚಾಮುಂಡಿ ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಅಕ್ಕ: ಅದನ್ನು ಯಾರೂ ಮುಟ್ಟಬೇಡಿ ಅಂತ ನನ್ನ ಅಭಿಪ್ರಾಯ. ಆರ್‌ಸಿ ಪ್ರಕಾರ 1974ರ ಗಾಡಿ, 50 ವರ್ಷ ದಾಟಿದೆ. 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಮಾಡಿಸಬಹುದು. 20,000 ಫೀಸು, 10 ವರ್ಷಕ್ಕೆ.

ಮಂಡ್ಯ ಮಾವ: 20,000 ಕೊಟ್ಟು ಪೋರ್ಟಿಕೋದಲ್ಲಿ ನಿಲ್ಲಿಸುವುದಾ? ನನಗೆ ಕೊಡಿ, ತೋಟಕ್ಕೆ ಓಡಿಸುತ್ತೇನೆ.

ನಾನು: ವಿಂಟೇಜ್ ಆದರೆ ದಿನಾ ಓಡಿಸುವ ಹಾಗಿಲ್ಲ. ಚಾಸಿ, ಇಂಜಿನ್ ಮೂಲದಂತೆ ಇರಬೇಕು. ಆ ಜಗಳ ಆಮೇಲೆ ಆಡೋಣ. ಮಾರುವುದಾದರೂ ಇಟ್ಟುಕೊಳ್ಳುವುದಾದರೂ ಇಂಜಿನ್ ಉಳಿಯಬೇಕಲ್ಲ.

ಅಕ್ಕನ ಮಗ: ಸರಿ, ಹೊಗೆ ಬಿಡಿ. ಉಳಿದ ಟಿಪ್ಸ್ ಮಾಡಬಹುದಾ? ಆಸಿಡ್ ತಂದಿಟ್ಟಿದ್ದೇನೆ.

ನಾನು: ಅತ್ತೆಗೆ ಕೊಡು, ಬಾತ್‌ರೂಮ್ ತೊಳೆಯಲಿ. ಆ ಆಸಿಡ್ ತುಕ್ಕು ತಿಂದ ಮೇಲೆ ತಗಡಿಗೂ ಬಾಯಿ ಹಾಕುತ್ತದೆ. ಅದರ ಹೊಗೆಗೆ ಪಕ್ಕದ ಕ್ರೋಮೂ ಹಾಳು. ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದಲ್ಲ, ಅದು ಸಾಕು. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಾಕ್ ತೆಗೆದು ತೂತು ಮುಚ್ಚು. ಬೆಚ್ಚಗಿನ ನೀರಿನಲ್ಲಿ ನಿಂಬೆ ಉಪ್ಪು ಕಲಸಿ ತುಂಬಿಸಿ ರಾತ್ರಿ ಬಿಡು. ಬೆಳಿಗ್ಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆ. ಬಿಸಿಲಿಗೆ ಇಟ್ಟು ಒಣಗಿಸಿ, ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಸ್ವಲ್ಪ ಹಾಕಿ ಒಳಗೆಲ್ಲ ಅಲುಗಾಡಿಸು. ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ತುಕ್ಕು. ಹತ್ತಿರ ಬೀಡಿ, ಊದುಬತ್ತಿ ಯಾವುದೂ ಬೇಡ.

ಬೆಂಗಳೂರು ತಮ್ಮ: ಸೂಜಿ?

ನಾನು: ಜೆಟ್ ಹಿತ್ತಾಳೆಯದ್ದು, ಸೂಜಿ ಉಕ್ಕಿನದ್ದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಬರುತ್ತದೆ, ಮತ್ತೆ ಚಿಕ್ಕದು ಮಾಡಲು ಆಗುವುದಿಲ್ಲ. ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆ. ಬೆಳಕಿಗೆ ಹಿಡಿದು ನೋಡು, ತೂತು ದುಂಡಗೆ ಕಾಣಬೇಕು.

ಯಾದವಗಿರಿ ದೊಡ್ಡಪ್ಪ: ಬ್ಯಾಫಲ್ ಎಸೆಯಿರಿ ಅಂತ ಬರೆದವನಿಗೆ ಟು-ಸ್ಟ್ರೋಕ್ ಗೊತ್ತಿಲ್ಲ. ಇದರಲ್ಲಿ ಸೈಲೆನ್ಸರ್ ಇರುವುದು ಶಬ್ದಕ್ಕೆ ಮಾತ್ರ ಅಲ್ಲ. ಸಿಲಿಂಡರಿಗೆ ಬಂದ ಹೊಸ ಪೆಟ್ರೋಲ್ ಉರಿಯುವ ಮೊದಲೇ ಹೊರಗೆ ಓಡದಂತೆ ತಡೆಯುವುದೂ ಅದೇ. ಕಿತ್ತರೆ ಶಬ್ದ ಬರುತ್ತದೆ, ಎಳೆತ ಹೋಗುತ್ತದೆ. ಹಿಂದಿನ ನಟ್ ಬಿಚ್ಚಿ ಎಳೆ. ಕರಿ ಕೆರೆದು ವಾಪಸ್ ಹಾಕು.

ಮಂಡ್ಯ ಮಾವ: ಒಟ್ಟಿನಲ್ಲಿ ಮೆಸೇಜ್ ಪೂರ್ತಿ ಸುಳ್ಳು, ನೀವು ಇಬ್ಬರೇ ಬುದ್ಧಿವಂತರು. ಸೀಲ್ ಹೋಗಿದೆ ಅಂತ ಮನೆಯಲ್ಲಿ ಕೂತು ಹೇಗೆ ಹೇಳುತ್ತೀರಿ? ಇಷ್ಟು ದಿನ ನಿಂತ ಗಾಡಿ, ಸೈಲೆನ್ಸರ್ ಒಳಗಿನ ಹಳೇ ಆಯಿಲ್ ಉರಿಯುತ್ತಿರಬಹುದು.

ನಾನು: ಇದು ಒಳ್ಳೇ ಪ್ರಶ್ನೆ. ಹಾಗೆ ಆಗಿದ್ದರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದು ಸುತ್ತು ಓಡಿಸಿದರೆ ಹೊಗೆ ಇಳಿಯಬೇಕು. ಇಳಿಯಿತಾ?

ಅಕ್ಕನ ಮಗ: ಇಲ್ಲ. ಕೆಆರ್‌ಎಸ್ ರಸ್ತೆಯವರೆಗೆ ಹೋಗಿ ಬಂದೆ. ವಾಪಸ್ ಬರುವಾಗ ಇನ್ನೂ ಜಾಸ್ತಿ ಇತ್ತು.

ನಾನು: ಹಾಗಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ ಎಡಗಡೆ ಕವರಿನ ಲೆವೆಲ್ ಸ್ಕ್ರೂ ಮಾತ್ರ ಬಿಚ್ಚು. ಗೇರ್ ಆಯಿಲ್ ಸರಿಯಾಗಿ ಇದ್ದರೆ ಆ ತೂತಿನಿಂದ ಹನಿಯಬೇಕು. ಬೇರೆ ಏನೂ ಮುಟ್ಟಬೇಡ.

(ಇಲ್ಲಿ ಅತ್ತೆಯ ಒಂದು ಉದ್ದದ ವಾಯ್ಸ್ ಮೆಸೇಜ್ ಇತ್ತು. ಬರೆಯುವಂಥದ್ದಲ್ಲ.)

ಅಕ್ಕನ ಮಗ: ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಕಡ್ಡಿ ಹಾಕಿ ನೋಡಿದೆ, ತುದಿಗೆ ಸ್ವಲ್ಪ ಅಂಟಿತು. ನೀರಿನ ಹಾಗೆ ತೆಳ್ಳಗಿದೆ. ಪೆಟ್ರೋಲ್ ವಾಸನೆ.

ಯಾದವಗಿರಿ ದೊಡ್ಡಪ್ಪ: ಮುಗಿಯಿತು. ಪಿಸ್ಟನ್ ಕೆಳಗೆ ಬಂದಾಗ ಒಳಗಿನ ಪೆಟ್ರೋಲ್ ಅದೇ ಸೀಲ್ ದಾಟಿ ಗೇರ್ ಬಾಕ್ಸಿಗೆ ಬಂದಿದೆ.

ಮಂಡ್ಯ ಮಾವ: ಆಯಿಲ್ ಕೆಳಗೆ ಸೋರಿ ಹೋಗಿರಬಾರದಾ?

ಅತ್ತೆ: ಪೋರ್ಟಿಕೋ ನೆಲ ದಿನಾ ಒರೆಸುವವಳು ನಾನು. ಆಯಿಲ್ ಕಲೆ ಬಿದ್ದಿದ್ದರೆ ಆ ಗಾಡಿ ಇಷ್ಟು ದಿನ ಅಲ್ಲಿ ನಿಂತಿರುತ್ತಿತ್ತಾ?

ನಾನು: ಇದಕ್ಕಿಂತ ಸಾಕ್ಷಿ ಬೇಕಾ ಮಾವ? ಕೆಳಗೆ ಸೋರಿಲ್ಲ. ಸೈಲೆನ್ಸರಿನಲ್ಲೇ ಹೋಗಿದೆ.

ಮಂಡ್ಯ ಮಾವ: 🙏 ಸರಿ ಮಾರಾಯ. ಮಂಡಿ ಮೊಹಲ್ಲಾದಲ್ಲಿ ಯಾರಾದರೂ ಹಳೇ ಮೇಸ್ತ್ರಿಗೆ ಕೊಡಿ.

ಅಕ್ಕನ ಮಗ: ಯಾಕೆ? ಸೀಲ್ ಬದಲಾಯಿಸುವ ವಿಡಿಯೋ ನೋಡಿದ್ದೇನೆ. ಮನೆಯಲ್ಲೇ ಮಾಡುತ್ತೇನೆ.

ಯಾದವಗಿರಿ ದೊಡ್ಡಪ್ಪ: ವಿಡಿಯೋದಲ್ಲಿ ಸ್ಕ್ರೂ ಸಲೀಸಾಗಿ ತಿರುಗುತ್ತದೆ. ನಿಮ್ಮ ತಾತನ ಗಾಡಿಯಲ್ಲಿ ತಿರುಗುವುದಿಲ್ಲ. ಕವರಿನ ಸ್ಕ್ರೂಗಳೆಲ್ಲ ತಲೆಯಲ್ಲಿ ಒಂದೇ ಸೀಳು ಇರುವವು, ಅಲ್ಯೂಮಿನಿಯಮ್ ಒಳಗೆ ಕಚ್ಚಿಕೊಂಡಿರುತ್ತವೆ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ ಮಾಡಬೇಕು. ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಒಳಗೆ ಕ್ಲಚ್ ಬಿಚ್ಚಬೇಕು, ಸ್ಪ್ರಾಕೆಟ್ ಎಳೆಯಲು ಪುಲ್ಲರ್ ಬೇಕು. ಉಳಿ ಇಟ್ಟು ಎಬ್ಬಿಸಿದರೆ ಶಾಫ್ಟ್ ಹಾಳು. ಎರಡೂ ನನ್ನ ಹತ್ತಿರ ಇವೆ. ಭಾನುವಾರ ತರುತ್ತೇನೆ. ಅಲ್ಲಿಯವರೆಗೆ ಸುಮ್ನಿರು.

ನಾನು: ಸೀಲ್ ತರುವಾಗ ಎಡ ಬಲ ಎರಡೂ ತಾ. ಬಲಗಡೆಯದ್ದಕ್ಕೂ ಅಷ್ಟೇ ವಯಸ್ಸಾಗಿದೆ. ಕವರಿನ ಗ್ಯಾಸ್ಕೆಟ್, ಗೇರ್ ಆಯಿಲ್ ಕೂಡ.

ಅಕ್ಕನ ಮಗ: ಹೇಗೂ ಬಿಚ್ಚುತ್ತೇವಲ್ಲ, ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೇ ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಸಿಡಿಐ ಹಾಕಿಬಿಡೋಣ?

ನಾನು: ಬೇಡ. ಪಾಯಿಂಟ್ಸ್ ಸ್ವಚ್ಛ ಮಾಡಿ 0.4 ಮಿಮೀ ಗ್ಯಾಪ್ ಇಡು, ಸಾಕು. ಅದೂ ಸೀಲ್ ಹಾಕಿ, ಓಡಿಸಿ ನೋಡಿದ ಮೇಲೆ. ಎಲ್ಲ ಒಂದೇ ದಿನ ಬದಲಾಯಿಸಿದರೆ ಮುಂದಿನ ವಾರ ಗಾಡಿ ನಿಂತಾಗ ಯಾವುದನ್ನು ಬೈಯುತ್ತೀಯ?

ಅಕ್ಕ: ಸಿಡಿಐ ಹಾಕಿದರೆ ನನ್ನ ವಿಂಟೇಜ್ ಅರ್ಜಿಗೆ ಕಲ್ಲು ಬೀಳುತ್ತದೆ. ನನ್ನ ವೋಟೂ ಬೇಡ ಅಂತಲೇ.

ಮಂಡ್ಯ ಮಾವ: ಅರ್ಜಿ ಯಾವಾಗ ಹಾಕಿದೆ? ಗಾಡಿ ತೋಟಕ್ಕೆ ಬರುವುದು ಅಂತ ಆಗಲಿಲ್ಲವಾ?

ಅತ್ತೆ: ಭಾನುವಾರ ಎಷ್ಟು ಜನ ಬರುತ್ತೀರಿ, ಅದು ಮೊದಲು ಹೇಳಿ. ನೆಲಕ್ಕೆ ಹಾಸಲು ಹಳೇ ರಟ್ಟಿನ ಡಬ್ಬ ನೀವೇ ತರಬೇಕು.