ಮಗಳಿಗೆ ಎ.ಪಿ. ಡ್ರಾಯಿಂಗ್ ಸಿಕ್ಕಿದೆ, ಕ್ಲಾಸಲ್ಲಿ ಏನೇನು ಕೇಳುತ್ತಾರೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ನ್ಯೂಜೆರ್ಸಿಯಿಂದ ಒಬ್ಬ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಈಗ ಹತ್ತನೇ ಕ್ಲಾಸು. ಮುಂದಿನ ವರ್ಷಕ್ಕೆ ಹೈಸ್ಕೂಲಿನಲ್ಲಿ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಡ್ರಾಯಿಂಗ್ ಸಿಕ್ಕಿದೆ. ಚಿಕ್ಕಂದಿನಿಂದ ಚೆನ್ನಾಗಿ ಬಿಡಿಸುತ್ತಾಳೆ. ನಮ್ಮೂರ ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಪ್ರತಿ ವರ್ಷ ಪೋಸ್ಟರ್ ಅವಳದೇ. ಆದರೆ ಟೀಚರ್ ಕಳಿಸಿದ ಎರಡು ಪುಟದ ಪತ್ರ ಓದಿದರೆ ತಲೆಬುಡ ತಿಳಿಯುತ್ತಿಲ್ಲ. ಬೇಸಿಗೆ ರಜೆಯಲ್ಲೇ ನಾಲ್ಕು ಚಿತ್ರ ಮಾಡಬೇಕಂತೆ. ವಾರಕ್ಕೆ ಐದಾರು ಗಂಟೆ ಮನೆಯಲ್ಲೂ ಕೂರಬೇಕಂತೆ. 'ಇನ್‌ಕ್ವೈರಿ' ಬರೆಯಬೇಕಂತೆ. ಡ್ರಾಯಿಂಗ್ ಕ್ಲಾಸಿಗೆ ಎಂಥ ವಿಚಾರಣೆ? ಜೊತೆಗೆ ಎ.ಪಿ. ಕೆಮಿಸ್ಟ್ರಿ ಬೇರೆ ತಗೊಂಡಿದ್ದಾಳೆ. ಇದನ್ನು ದಾಟಿದ ಮಕ್ಕಳ ಅಪ್ಪ ಅಮ್ಮ ಯಾರಾದರೂ ಇದ್ದೀರಾ?

ಫ್ರೀಮಾಂಟ್‌ನಿಂದ ಒಬ್ಬ ಅಪ್ಪ:

ಇದ್ದೀನಿ ಮೇಡಂ, ಏಟು ತಿಂದು ಬಂದವನು. ಮೊದಲನೆಯದಾಗಿ, ಇದಕ್ಕೆ ಪರೀಕ್ಷಾ ಕೊಠಡಿಯಲ್ಲಿ ಕೂತು ಬರೆಯುವ ಪರೀಕ್ಷೆ ಇಲ್ಲ. ವರ್ಷವಿಡೀ ಮಾಡಿದ ಕೆಲಸದ ಫೋಟೋ ತೆಗೆದು ಮೇ ತಿಂಗಳಲ್ಲಿ, ಎ.ಪಿ. ನಡೆಸುವ ಕಾಲೇಜ್ ಬೋರ್ಡ್‌ಗೆ ಅಪ್‌ಲೋಡ್ ಮಾಡುವುದೇ ಪರೀಕ್ಷೆ. ಎರಡು ಭಾಗ. ಸಸ್ಟೇನ್ಡ್ ಇನ್ವೆಸ್ಟಿಗೇಷನ್ ಅಂತ ಒಂದು, ಅಂದರೆ ಒಂದು ಪ್ರಶ್ನೆ ಹಿಡಿದು ಮಾಡುತ್ತಾ ಹೋಗುವ ಕೆಲಸ, ಅದಕ್ಕೆ 15 ಇಮೇಜು, ಅಂಕದಲ್ಲಿ 60% ಅದರದ್ದು. ಸೆಲೆಕ್ಟೆಡ್ ವರ್ಕ್ಸ್ ಅಂತ ಇನ್ನೊಂದು, ಚೆನ್ನಾಗಿರುವ 5 ಚಿತ್ರ, 40%. ಆ ಐದನ್ನು ಮೊದಲಿನ ಭಾಗದಿಂದಲೇ ಆರಿಸಿದರೂ ನಡೆಯುತ್ತದೆ. 1ರಿಂದ 5ರ ತನಕ ಸ್ಕೋರು, ಜುಲೈನಲ್ಲಿ ಬರುತ್ತದೆ.

ನಾವು ಎಡವಿದ್ದು ಆ 15ರಲ್ಲಿ. ಹದಿನೈದು ಇಮೇಜ್ ಅಂದರೆ ಹದಿನೈದು ಮುಗಿದ ಚಿತ್ರ ಅಂದುಕೊಂಡು ನಾನು ಫ್ರಿಡ್ಜ್ ಮೇಲೆ ಎಕ್ಸೆಲ್ ಶೀಟ್ ಅಂಟಿಸಿದೆ. ಎರಡು ವಾರಕ್ಕೊಂದು ಚಿತ್ರ. ಮುಗಿದರೆ ಹಸಿರು, ತಡವಾದರೆ ಕೆಂಪು. ಸಾಫ್ಟ್‌ವೇರಿನವನ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ. ಮಗ ಪಾಪ ಒಂದಾದ ಮೇಲೊಂದು ನೀಟಾಗಿ ಮುಗಿಸಿದ. ಜನವರಿಯಲ್ಲಿ ಟೀಚರ್ ಕರೆದು, 'ಇವೆಲ್ಲ ಮೊದಲ ಏಟಿಗೇ ಸರಿಹೋದವಾ? ಹುಡುಕಾಟ ಎಲ್ಲಿ?' ಅಂತ ಕೇಳಿದರು. ಆ ಹದಿನೈದರಲ್ಲಿ ಕಚ್ಚಾ ಸ್ಕೆಚ್ಚು, ಅರ್ಧಕ್ಕೆ ನಿಂತ ಚಿತ್ರ, ಬಣ್ಣ ಹಚ್ಚಿ ನೋಡಿದ ಚೂರು ಕಾಗದ ಎಲ್ಲಾ ಸೇರಿಸಬಹುದು. ಅಭ್ಯಾಸ, ಪ್ರಯೋಗ, ತಿದ್ದುಪಡಿ ಈ ಮೂರಕ್ಕೂ ಸಾಕ್ಷಿ ಬೇಕು ಅಂತ ನಿಯಮದಲ್ಲೇ ಇದೆ. ನಮ್ಮವನ ಹತ್ತಿರ ತಿದ್ದಿದ ಗುರುತೇ ಇರಲಿಲ್ಲ. ಸ್ಕೋರ್ 3 ಬಂತು. ಅವನಿಗೆ ಬೇಜಾರಿಲ್ಲ. ಆ ಎಕ್ಸೆಲ್ ನೆನೆಸಿಕೊಂಡರೆ ನನಗೇ ನಾಚಿಕೆ.

ಒಬ್ಬ ಕಾಲೇಜು ವಿದ್ಯಾರ್ಥಿನಿ:

ಆಂಟಿ, ನಾನು ಎರಡು ವರ್ಷದ ಹಿಂದೆ ಇದೇ ಎ.ಪಿ. ಡ್ರಾಯಿಂಗ್ ಮಾಡಿದೆ. ಶಿವಮೊಗ್ಗದಿಂದ ಇಲ್ಲಿಗೆ ಬಂದಾಗ ನಾನು ಎಂಟನೇ ಕ್ಲಾಸು, ಹಾಗಾಗಿ ಕನ್ನಡದಲ್ಲೇ ಬರೆಯುತ್ತೀನಿ, ತಪ್ಪಿದ್ದರೆ ಬೈಯಬೇಡಿ.

'ಇನ್‌ಕ್ವೈರಿ' ಅಂದರೆ ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ. ಬಿಡಿಸುತ್ತಾ ಬಿಡಿಸುತ್ತಾ ಅದರ ಹಿಂದೆ ಹೋಗಬೇಕು. ನಾನು ಮೊದಲು ಸುಮ್ನೆ 'ನನ್ನ ಅಜ್ಜಿ' ಅಂತ ಬರೆದುಕೊಟ್ಟೆ. ಚಿಕ್ಕಮ್ಮನ ಮದುವೆ ಫೋಟೋ ನೋಡಿಕೊಂಡು ರೇಷ್ಮೆ ಸೀರೆ, ಮೂಗುಬೊಟ್ಟು, ಮುಖದ ಒಂದು ಸುಕ್ಕೂ ಬಿಡದೆ ಪೆನ್ಸಿಲ್ ಶೇಡಿಂಗ್ ಮಾಡಿದೆ. ಮೂರು ವಾರ ಹಿಡಿಯಿತು. ನೆಂಟರೆಲ್ಲ ಸ್ಟೇಟಸ್ ಹಾಕಿಕೊಂಡರು. ಕ್ರಿಟಿಕ್ ದಿನ, ಅಂದರೆ ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ಹೇಳುವ ದಿನ, ಕ್ಲಾಸಿನ ಗೋಡೆಗೆ ಸಿಕ್ಕಿಸಿದಾಗ ಒಬ್ಬ ಹುಡುಗ ಕೇಳಿದ, 'ಅಜ್ಜಿ ನಿನಗೆ ಯಾವಾಗಲೂ ಹೀಗೇ ಕಾಣಿಸ್ತಾರಾ?'

ಎಲ್ಲಿಂದ? ನಾನು ಅವರನ್ನು ನೋಡುವುದು ವಿಡಿಯೋ ಕಾಲಲ್ಲಿ. ಅಜ್ಜಿಗೆ ಫೋನ್ ಹಿಡಿಯೋಕೆ ಇವತ್ತಿಗೂ ಬರಲ್ಲ. ಅರ್ಧ ಹಣೆ, ಕುಂಕುಮ, ಅದರ ಮೇಲೆ ತಿರುಗುವ ಫ್ಯಾನು, ಅಷ್ಟೇ ಕಾಣುವುದು. ನೆಟ್ ಕೈಕೊಟ್ಟರೆ ಆ ಹಣೆಯೂ ಚೌಕ ಚೌಕವಾಗಿ ನಿಂತುಬಿಡುತ್ತದೆ. ಆಗ ಪ್ರಶ್ನೆ ಬದಲಾಯಿತು. ಚೂರು ಚೂರಾಗಿ ಕಾಣುವ ಮುಖದಲ್ಲಿ ಉಳಿದದ್ದನ್ನು ನನ್ನ ನೆನಪು ಎಲ್ಲಿಂದ ತಂದು ತುಂಬುತ್ತದೆ? ಫೋನ್ ಇಟ್ಟ ತಕ್ಷಣ ಏನನ್ನೂ ನೋಡದೆ ಇದ್ದಿಲಿನಲ್ಲಿ ಬಿಡಿಸುತ್ತಿದ್ದೆ. ಆಮೇಲೆ ವಿಡಿಯೋದಲ್ಲಿ ಕಾಣದೇ ಇದ್ದ ಭಾಗವನ್ನು ರಬ್ಬರಿನಿಂದ ಅಳಿಸುತ್ತಿದ್ದೆ. ಎಷ್ಟು ಅಳಿಸಿದರೂ ಕಾಗದದಲ್ಲಿ ಒಂದು ಬೂದು ಕಲೆ ಉಳಿಯುತ್ತದಲ್ವಾ, ಅದು ಆ ಮೂರು ವಾರದ ಚಿತ್ರಕ್ಕಿಂತ ಜಾಸ್ತಿ ನಮ್ಮಜ್ಜಿ ಥರ ಇತ್ತು. ಅಲ್ಲಿಂದ ಮುಂದಿನ ಆರು ಚಿತ್ರ ಪೂರ್ತಿ ಅಳಿಸುವುದರ ಮೇಲೇ ಮಾಡಿದೆ. ಒಂದರಲ್ಲಿ ಬರೀ ಫ್ಯಾನಿದೆ.

ಬರವಣಿಗೆ ಒಟ್ಟು 1,200 ಕ್ಯಾರೆಕ್ಟರ್ ಅಷ್ಟೇ. ಪ್ರಶ್ನೆ ಏನು, ಅದರಿಂದ ಕೆಲಸ ಹೇಗೆ ಬದಲಾಯಿತು ಅಂತ ಹೇಳಬೇಕು. ಚಿಕ್ಕದು ಅಂತ ಕೊನೆ ವಾರಕ್ಕೆ ಬಿಡಬೇಡಿ, ನಾನು ಹನ್ನೊಂದು ಸಲ ತಿದ್ದಿದೆ. ಪ್ರತಿ ಇಮೇಜಿಗೂ ಅಳತೆ, ಏನು ಬಳಸಿದ್ದು, ಹೇಗೆ ಮಾಡಿದ್ದು ಅಂತ ತುಂಬಬೇಕು. ಅಳತೆಯನ್ನು ಚಿತ್ರದ ಹಿಂದೆ ಆಗಿಂದಾಗಲೇ ಬರೆದಿಡೋಕೆ ಹೇಳಿ. ಏಪ್ರಿಲ್‌ನಲ್ಲಿ ಟೇಪು ಹಿಡಿದು ಮಂಚದ ಕೆಳಗೆ ನುಗ್ಗಿದವಳು ನಾನು.

ಟೆಕ್ಸಾಸ್‌ನಿಂದ ಒಬ್ಬ ಆರ್ಟ್ ಟೀಚರ್:

ಮೈಸೂರಿನಲ್ಲಿ ಬಿ.ಎಫ್.ಎ. ಮಾಡಿ ಈಗ ಇಲ್ಲಿನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ಮೇಲಿನ ಹುಡುಗಿ ಹೇಳಿದ್ದನ್ನು ನಾನು ಸೆಪ್ಟೆಂಬರ್ ಪೂರ್ತಿ ಹೇಳುತ್ತೇನೆ, ಮಕ್ಕಳಿಗೆ ಅರ್ಥವಾಗುವುದು ಡಿಸೆಂಬರ್‌ಗೆ.

ನಮ್ಮ ಆರ್. ಕೆ. ಲಕ್ಷ್ಮಣ್ ಗೊತ್ತಲ್ಲ. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಹುಡುಗನಾಗಿದ್ದಾಗ ಕಾಗೆ ಬಿಡಿಸಲು ಶುರುಮಾಡಿದವರು ವಯಸ್ಸಾದ ಮೇಲೂ ಬಿಡಲಿಲ್ಲ. ಯಾರಾದರೂ ಬಂದು ನಾನೂ ಹಾಗೇ ವರ್ಷವಿಡೀ ಕಾಗೆ ಬಿಡಿಸುತ್ತೀನಿ ಅಂದರೆ ನಾನು ಕೇಳುವುದಿಷ್ಟು: ಕಾಗೆ ವಿಷಯ ಆಯಿತು, ಪ್ರಶ್ನೆ ಏನು? ಕಪ್ಪು ಬಣ್ಣ ಮುಟ್ಟದೆ ಕಾಗೆಯನ್ನು ಕಪ್ಪಾಗಿ ಕಾಣಿಸಬಹುದಾ? ಹಾಂ, ಇನ್ನು ಶುರುಮಾಡಿ.

ಕ್ಲಾಸಿನಲ್ಲಿ ನಮ್ಮ ನಿರೀಕ್ಷೆ ಶಾಲೆಯಿಂದ ಶಾಲೆಗೆ ಬೇರೆ. ನನ್ನ ಮಟ್ಟಿಗೆ ಸ್ಕೆಚ್ ಬುಕ್ಕಿನ ಹಾಳೆ ಹರಿಯುವ ಹಾಗಿಲ್ಲ. ಕ್ರಿಟಿಕ್ ದಿನ ಚಿತ್ರ ಮುಗಿದಿರಲಿ ಬಿಡಲಿ ಗೋಡೆಗೆ ಹಾಕಬೇಕು, ಬೇರೆಯವರದ್ದಕ್ಕೆ 'ನೈಸ್' ಅಂದು ಕೂರುವ ಹಾಗಿಲ್ಲ. ನಮ್ಮ ಮನೆಗಳ ಮಕ್ಕಳಿಗೆ ಕಷ್ಟವಾಗುವುದು ಇದೇ. ಕೈ ಪಳಗಿರುತ್ತದೆ, ನೋಡಿದ್ದನ್ನು ನೋಡಿದ ಹಾಗೇ ಇಳಿಸುತ್ತಾರೆ. ಆದರೆ ಕೆಟ್ಟದಾಗಿ ಬಂದದ್ದನ್ನು ನಾಲ್ಕು ಜನರಿಗೆ ತೋರಿಸು ಅಂದರೆ ಅಳು ಬರುತ್ತದೆ.

ಇನ್ನೊಂದು ವಿಷಯ. 2019ಕ್ಕೆ ಮುಂಚೆ ಇದನ್ನು ಮಾಡಿದ ಕಸಿನ್‌ಗಳ ಸಲಹೆ ಕೇಳಬೇಡಿ. ಆಗ ಬ್ರೆಡ್ತ್, ಕಾನ್ಸಂಟ್ರೇಷನ್, ಕ್ವಾಲಿಟಿ ಅಂತ ಮೂರು ಭಾಗ ಇದ್ದವು. 2019-20ರಿಂದ ಎಲ್ಲಾ ಬದಲಾಗಿದೆ.

ಸಿಯಾಟಲ್‌ನಿಂದ ಒಬ್ಬ ಅಮ್ಮ:

ನಮ್ಮವನು ಅಕ್ಟೋಬರ್‌ನಲ್ಲಿ ಬಿಟ್ಟ. ಮೂರು ಎ.ಪಿ. ಜೊತೆಗೆ ಇದು ನಾಲ್ಕನೆಯದು. ಕೆಮಿಸ್ಟ್ರಿ ಹೋಂವರ್ಕ್ ರಾತ್ರಿ ಹತ್ತಕ್ಕೆ ಮುಗಿಸಬಹುದು, ಚಿತ್ರ ಹಾಗೆ ಮುಗಿಯಲ್ಲ. ಈಗ ಭಾನುವಾರ ಅವನ ಪಾಡಿಗೆ ಅವನು ಬಿಡಿಸಿಕೊಂಡು ಖುಷಿಯಾಗಿದ್ದಾನೆ.

ಪ್ರಶ್ನೆ ಕೇಳಿದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಮೇಡಂ, ಅವಳು ಐಪ್ಯಾಡಿನಲ್ಲೂ ಬಿಡಿಸುತ್ತಾಳೆ, ಪಿಂಟರೆಸ್ಟ್ ಫೋಟೋ ನೋಡಿಕೊಂಡು. ಅದು ನಡೆಯುತ್ತದಾ?

ಟೆಕ್ಸಾಸ್ ಟೀಚರ್:

ಐಪ್ಯಾಡ್ ನಡೆಯುತ್ತದೆ. ಪಿಂಟರೆಸ್ಟ್ ಬೇಡ. ಬೇರೆಯವರ ಫೋಟೋ ಬಳಸಿದರೆ ಅದು ಬರೀ ನಕಲಾಗದೆ ನಿಮ್ಮದೇ ಆಗುವಷ್ಟು ಬದಲಾಗಿರಬೇಕು, ಎಲ್ಲಿಂದ ತಗೊಂಡಿರಿ ಅಂತಲೂ ಹೇಳಬೇಕು. ಆ ತಲೆನೋವಿಗಿಂತ ಫೋನ್ ತಗೊಂಡು ಹೋಗಿ ತಾನೇ ಫೋಟೋ ತೆಗೆದುಕೊಂಡು ಬರಲಿ. ಎ.ಐ. ಅಂತೂ ಯಾವ ಹಂತದಲ್ಲೂ ಮುಟ್ಟುವ ಹಾಗಿಲ್ಲ, ಕಾಲೇಜ್ ಬೋರ್ಡ್ ಪೂರ್ತಿ ನಿಷೇಧಿಸಿದೆ.

ಫ್ರೀಮಾಂಟ್ ಅಪ್ಪ:

ಇದಕ್ಕೆ ಸೇರಿಸುತ್ತೀನಿ. ಕೋಚಿಂಗ್ ಕ್ಲಾಸಿಗೆ ಹಾಕುವ ಮುಂಚೆ ಒಂದು ದಿನ ಹೋಗಿ ಗೋಡೆ ನೋಡಿ. ನಾವು ಸೇರಿಸಿದ್ದ ಕಡೆ ನಾಲ್ಕು ಮಕ್ಕಳ ಚಿತ್ರದಲ್ಲಿ ಅದೇ ಮೀನು, ಅದೇ ನೀರು, ಅದೇ ಮೂಲೆಯಲ್ಲಿ ಕಮಲ. ಮೇಷ್ಟ್ರು ಕೊನೆಗೆ ಬಂದು ಕಣ್ಣಿಗೆ ಹೊಳಪು ಹಾಕಿಕೊಡುತ್ತಿದ್ದರು. ಎರಡು ತಿಂಗಳ ಫೀಸು ಹೋಯಿತು.

ಷಿಕಾಗೋದಿಂದ ಒಬ್ಬ ಅಮ್ಮ:

ನನ್ನದು ಒಂದೇ ಮಾತು ಅಕ್ಕ. ಮನೆ ಕ್ಲೀನ್ ಮಾಡಬೇಡಿ. ದೀಪಾವಳಿಗೆ ನೆಂಟರು ಬರುತ್ತಾರೆ ಅಂತ ನಾನು ಮಗಳ ರೂಮಿನ ಮೂಲೆಯಲ್ಲಿದ್ದ ಮಸಿ ಹತ್ತಿದ ಹಾಳೆಗಳನ್ನೆಲ್ಲ ಒಂದು ಕಪ್ಪು ಚೀಲಕ್ಕೆ ತುಂಬಿ ಆಚೆ ಇಟ್ಟೆ. ಒಂದು ಹಾಳೆ ಮೇಲೆ ಕಾಫಿ ಲೋಟದ ಗುಂಡು ಗುರುತು ಬೇರೆ ಇತ್ತು, ಕಸ ಅಲ್ಲದೆ ಇನ್ನೇನು ಅಂದುಕೊಂಡೆ. ಆ ಗುರುತನ್ನು ಅವಳೇ ಬೇಕೂಂತ ಒತ್ತಿದ್ದಳಂತೆ. ಎರಡು ತಿಂಗಳ ಪ್ರಯೋಗ ಹೋಯಿತು, ಫೋಟೋನೂ ತೆಗೆದಿರಲಿಲ್ಲ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ಅವಳ ರೂಮಿಗೆ ಪೊರಕೆ ಹಿಡಿದು ಹೋಗಬೇಕಾದರೆ ಕೇಳಿಕೊಂಡು ಹೋಗುತ್ತೀನಿ.

ಪ್ರಶ್ನೆ ಕೇಳಿದ ಅಮ್ಮ:

ಅಯ್ಯೋ, ಇದನ್ನು ಓದಿದವಳೇ ಕೆಳಗೆ ಓಡಿದೆ. ನಿನ್ನೆ ತಾನೇ ಅವಳ ಹಳೇ ಹಾಳೆಗಳನ್ನು ರೀಸೈಕಲ್ ಡಬ್ಬಿಗೆ ಹಾಕಿದ್ದೆ. ಗಾಡಿ ಬರೋದು ಗುರುವಾರ, ಪುಣ್ಯಕ್ಕೆ ಇವತ್ತು ಬುಧವಾರ. ಒಂದೆರಡಕ್ಕೆ ಹಾಲಿನ ಡಬ್ಬದ ತೇವ ಹತ್ತಿದೆ. ಡೈನಿಂಗ್ ಟೇಬಲ್ ಮೇಲೆ ಹರವಿ ಫ್ಯಾನ್ ಹಾಕಿದ್ದೀನಿ. ಅವಳು ಸ್ಕೂಲಿಂದ ಬರೋದು ಮೂರಕ್ಕೆ.